ಅರ್ಜುನನ ಮೇಲೆ ಹಗೆ, ಅರ್ಜುನನ ಮೇಲೆ ಮೋಹ

ಸೇಡು ತೀರಿಸಿಕೊಳ್ಳುವವರಿಗೆ ಅವಸರ ಇರಬಾರದು ಎಂಬುದನ್ನು ಟಿವಿ ಧಾರಾವಾಹಿಯವರಿಂದ ಕಲಿಯಬೇಕು. 2016ರಲ್ಲಿ ಜೀ ಕನ್ನಡದಲ್ಲಿ ‘ನಾಗಿಣಿ’ ಶುರುವಾಯಿತು. ಆ ವರ್ಷ ಅಡಿಕೆ ಸುಗ್ಗಿ ಬಂದಾಗ ಹುಲೇಕಲ್ ಸುತ್ತಿನ ಮನೆಗಳಲ್ಲಿ ಮೆಟ್ಟುಗತ್ತಿಗಳೆಲ್ಲ ಟಿವಿಯ ಕಡೆಗೇ ಮುಖ ಮಾಡಿದ್ದವು. ದೀಪಿಕಾ ದಾಸ್ ಮಾಡಿದ ಅಮೃತಾ ಎಂಬ ನಾಗಿಣಿಗೆ ಹೆತ್ತವರನ್ನು ಕೊಂದು ನಾಗಮಣಿ ಹೊತ್ತೊಯ್ದವರ ಮೇಲೆ ಸೇಡು. ಸೇಡಿಗಾಗಿ ಹೊಕ್ಕ ಮನೆಯ ಹುಡುಗ ಅರ್ಜುನ್ ಮೇಲೆ ಅವಳಿಗೆ ಮನಸ್ಸಾಗುತ್ತದೆ. ಅಲ್ಲಿಗೆ ಸೇಡಿನ ಕೆಲಸ ಕುಂಟತೊಡಗುತ್ತದೆ. ವಾಹಿನಿಗೆ ಬೇಕಾದ್ದೂ ಅದೇ.

ಇಂಥ ಧಾರಾವಾಹಿಗಳ ದ್ರೋಹದ ಸಂಚಿಕೆಗೆ ಒಂದು ಕ್ರಮವಿದೆ. ದ್ರೋಹಿ ಯಾರೆಂದು ನೋಡುವವರಿಗೆಲ್ಲ ಗೊತ್ತು, ಮನೆಯವರಿಗೆ ಮಾತ್ರ ಗೊತ್ತಿಲ್ಲ. ನಾಗಿಣಿಯ ಕಣ್ಣು ಬಣ್ಣ ಬದಲಿಸುತ್ತದೆ. ಕ್ಯಾಮೆರಾ ಒಬ್ಬೊಬ್ಬರ ಮುಖಕ್ಕೂ ಮೂರು ಮೂರು ಸಲ ಹೋಗಿ ಬರುತ್ತದೆ, ಗುಡುಗುತ್ತದೆ. ಇನ್ನೇನು ಕಚ್ಚಬೇಕು, ಅಷ್ಟರಲ್ಲಿ ಯಾರೋ ಬಾಗಿಲು ತಟ್ಟುತ್ತಾರೆ. ಆಮೇಲೆ ಸೋಪಿನ ಜಾಹೀರಾತು. ನಮ್ಮ ದೊಡ್ಡಾಯಿ ಒಂದು ದಿನ ಬೇಸತ್ತು, “ಕಚ್ಚದಾದ್ರೆ ಕಚ್ಚಲಿ ಮಾರಾಯ್ತಿ, ಈ ನಮನಿ ಹೆಡೆ ಎತ್ಗಂಡು ಎಷ್ಟು ದಿನ ಕೂತ್ಗತ್ತು ಅದು?” ಎಂದಳು. ಮರುದಿನ ಎಲ್ಲರಿಗಿಂತ ಮೊದಲು ಟಿವಿ ಹಾಕಿದವಳೂ ಅವಳೇ.

ನನಗೆ ಕುತೂಹಲ ಹುಟ್ಟಿಸಿದ್ದು ಹುಡುಗನ ಹೆಸರು. ಬರೆದವರು ಬೇಕೆಂದೇ ಇಟ್ಟರೋ, ಸುಮ್ಮನೆ ಬಂತೋ, ಹಾವಿನ ಸೇಡಿನ ಕಥೆಗೆ ಅರ್ಜುನನಿಗಿಂತ ಹೊಂದುವ ಹೆಸರಿಲ್ಲ. ಯಕ್ಷಗಾನ, ತಾಳಮದ್ದಲೆ ಕೇಳುತ್ತ ಬೆಳೆದ ಈ ಸೀಮೆಯವರಿಗೆ ಅಶ್ವಸೇನನನ್ನು ಪರಿಚಯಿಸಬೇಕಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ನಾಗಿಣಿಯ ಅಷ್ಟೂ ಸಂಚಿಕೆಗಳಲ್ಲಿ ಇಲ್ಲದ್ದೊಂದು ಅಲ್ಲಿದೆ.

ಅಗ್ನಿಗೆ ಹಸಿವಾಯಿತೆಂದು ಕೃಷ್ಣಾರ್ಜುನರು ಖಾಂಡವವನವನ್ನೇ ಉಣ್ಣಲು ಕೊಟ್ಟರು. ಆ ಕಾಡಿನಲ್ಲಿ ನೆಲೆಸಿದ್ದ ನಾಗರಾಜ ತಕ್ಷಕ ಆಗ ಊರಲ್ಲಿರಲಿಲ್ಲ. ಅವನ ಹೆಂಡತಿ ಮಗನನ್ನು ಉಳಿಸಲು ಅವನನ್ನು ನುಂಗಿಕೊಂಡು ಬೆಂಕಿಯಿಂದ ಮೇಲಕ್ಕೆ ಹಾರಿದಳು. ಅರ್ಜುನನ ಬಾಣ ಅವಳ ತಲೆ ಕತ್ತರಿಸಿತು. ಇಂದ್ರನ ಸಹಾಯದಿಂದ ಮಗ ಮಾತ್ರ ಪಾರಾದ. ಅವನೇ ಅಶ್ವಸೇನ. ಹಾವಿನ ಹಗೆಗೆ ಹನ್ನೆರಡು ವರ್ಷ ಎನ್ನುತ್ತಾರೆ. ಇವನ ಹಗೆ ವನವಾಸ, ಅಜ್ಞಾತವಾಸ ಎರಡನ್ನೂ ದಾಟಿ ಕುರುಕ್ಷೇತ್ರದ ಹದಿನೇಳನೆಯ ದಿನದವರೆಗೂ ಆರಲಿಲ್ಲ. ಅಂದು ಅವನು ಕರ್ಣನ ಬಾಣದಲ್ಲಿ ಸೇರಿಕೊಂಡ. ಗುರಿ ಸರಿಯಿಲ್ಲ ಎಂದು ಸಾರಥಿ ಶಲ್ಯ ಎಚ್ಚರಿಸಿದ, ಕರ್ಣ ಬದಲಿಸಲಿಲ್ಲ. ಕೃಷ್ಣ ರಥವನ್ನು ನೆಲಕ್ಕೊತ್ತಿದ. ಕೊರಳಿಗೆ ಬರಬೇಕಾದ ಬಾಣ ಕಿರೀಟವನ್ನಷ್ಟೇ ಹೊತ್ತೊಯ್ದಿತು.

ಅಶ್ವಸೇನ ಕರ್ಣನ ಬಳಿಗೆ ತಿರುಗಿ ಬಂದು, ‘ನನ್ನನ್ನು ಇನ್ನೊಮ್ಮೆ ಹೂಡು’ ಎನ್ನುತ್ತಾನೆ. ತಾಳಮದ್ದಲೆಯಲ್ಲಿ ಒಳ್ಳೆಯ ಅರ್ಥಧಾರಿಗಳು ಸಿಕ್ಕಿದರೆ ಈ ಜಾಗಕ್ಕೆ ಬರುವಾಗ ತೂಕಡಿಸುತ್ತಿದ್ದವರೂ ಎದ್ದು ಕೂರುತ್ತಾರೆ. ವೇಷವಿಲ್ಲ, ಗ್ರಾಫಿಕ್ಸ್ ಇಲ್ಲ, ಪಂಚೆ-ಶಾಲಿನಲ್ಲಿ ಎದುರುಬದುರು ಕೂತ ಇಬ್ಬರ ಮಾತಷ್ಟೇ. ಹಾವಿನ ಪರ ವಾದಿಸುವವನಿಗೆ ಇಲ್ಲಿ ಸರಕು ಬೇಕಷ್ಟಿದೆ: ನನ್ನ ತಾಯಿ ಮಾಡಿದ ತಪ್ಪೇನು, ಕಾಡಿನಲ್ಲಿ ಹುಟ್ಟಿದ್ದೇ ತಪ್ಪೇ, ನಿನ್ನ ವೈರಿಯೇ ನನ್ನ ವೈರಿ ಆಗಿರುವಾಗ ತಡವೇಕೆ? ಕರ್ಣ ಒಪ್ಪುವುದಿಲ್ಲ. ಇನ್ನೊಬ್ಬರ ಬಲದಿಂದ ಬರುವ ಗೆಲುವು ತನಗೆ ಬೇಡ ಎನ್ನುತ್ತಾನೆ. ನಮ್ಮ ಪ್ರಸಂಗಗಳಲ್ಲಾದರೆ ತೊಟ್ಟ ಬಾಣ ಮತ್ತೆ ತೊಡುವುದಿಲ್ಲವೆಂದು ಕುಂತಿಗೆ ಕೊಟ್ಟ ಭಾಷೆಯೂ ಅಡ್ಡ ಬರುತ್ತದೆ. ಅಶ್ವಸೇನ ಒಬ್ಬನೇ ಅರ್ಜುನನ ಮೇಲೆ ಎರಗಿ ಸಾಯುತ್ತಾನೆ. ಹಾವಿನ ಸಿಟ್ಟು ನ್ಯಾಯವಾದದ್ದು, ಅದನ್ನು ಕೈಬಿಟ್ಟವನ ನಡೆಯೂ ನ್ಯಾಯವಾದದ್ದು. ಯಾರ ಪರ ನಿಲ್ಲಬೇಕೆಂದು ತಿಳಿಯದೆ ಕೇಳುಗ ಚಡಪಡಿಸುತ್ತಾನೆ. ಧಾರಾವಾಹಿ ನಮಗೆ ಈ ಕಷ್ಟ ಕೊಡುವುದಿಲ್ಲ. ಅಲ್ಲಿ ಕೆಟ್ಟವರು ಮೊದಲ ವಾರದಿಂದಲೇ ಕೆಟ್ಟವರು, ಹುಬ್ಬು ನೋಡಿದರೆ ಗೊತ್ತಾಗುತ್ತದೆ.

ಇನ್ನು ನಾಗಕನ್ಯೆಗೆ ಅರ್ಜುನನ ಮೇಲೆ ಮನಸ್ಸಾಗುವುದೂ ಹೊಸತಲ್ಲ. ಉಲೂಪಿ ಅವನನ್ನು ಗಂಗೆಯಿಂದ ಎಳೆದೊಯ್ದು ಮದುವೆಯಾದವಳು. ಭೀಷ್ಮನನ್ನು ಶಿಖಂಡಿಯ ಮರೆಯಲ್ಲಿ ಕೆಡವಿದ ಪಾಪಕ್ಕೆ ಅರ್ಜುನನ ಮೇಲೆ ಶಾಪವಿತ್ತು. ಅದು ತೀರಲೆಂದು ಉಲೂಪಿ ತನ್ನ ಸವತಿಯ ಮಗ ಬಭ್ರುವಾಹನನನ್ನೇ ಅಪ್ಪನ ಮೇಲೆ ಯುದ್ಧಕ್ಕೆ ಹುರಿದುಂಬಿಸಿದಳು ಎನ್ನುತ್ತದೆ ವ್ಯಾಸಭಾರತ. ಸತ್ತವನನ್ನು ಬದುಕಿಸಿದ್ದು ನಾಗಲೋಕದ ಮಣಿ. ಲಕ್ಷ್ಮೀಶನ ‘ಜೈಮಿನಿ ಭಾರತ’ದಿಂದ ರಾಜ್‌ಕುಮಾರ್ ಅವರ 1977ರ ‘ಬಬ್ರುವಾಹನ’ದವರೆಗೆ ಕನ್ನಡಿಗರು ಈ ಕಥೆಯನ್ನು ಬಿಟ್ಟಿಲ್ಲ. ಟಿವಿಯಲ್ಲಿ ಮಣಿ ಇರುವುದು ಕದಿಯುವುದಕ್ಕೆ, ಇಲ್ಲಿ ಜೀವ ಕೊಡುವುದಕ್ಕೆ. ಎರಡನೆಯದರಲ್ಲಿ ಒಂದು ಸಂಚಿಕೆಗೇ ಕಥೆ ಮುಗಿದುಹೋಗುವ ಅಪಾಯ ಇದೆ ಎಂಬುದು ನಿಜ.

ತೋಟದ ಹಾವಿಗೆ ಇದ್ಯಾವುದೂ ಗೊತ್ತಿಲ್ಲ. ಅದಕ್ಕೆ ಮುಖ ನೆನಪಿಟ್ಟುಕೊಂಡು ಬೆನ್ನಟ್ಟುವಷ್ಟು ಬುದ್ಧಿಯೂ ಇಲ್ಲ, ಪುರುಸೊತ್ತೂ ಇಲ್ಲ. ದರಕಿನಡಿ ಮಲಗಿದ್ದಾಗ ತುಳಿದರೆ ಕಚ್ಚುತ್ತದೆ, ಅಷ್ಟೇ. ಸೇಡಿನ ನಂಬಿಕೆಯಿಂದ ಟಿವಿಗೆ ಟಿಆರ್‌ಪಿ ಬರುತ್ತದೆ, ಕಚ್ಚಿಸಿಕೊಂಡವರಿಗೆ ಅದೇ ನಂಬಿಕೆ ದುಬಾರಿ. ‘ದೋಷ’ ಎಂದು ಕೇಳಿಸಿ ನೋಡುವುದರಲ್ಲಿ, ಮಂತ್ರ ಹಾಕಿಸುವುದರಲ್ಲಿ ಹೊತ್ತು ಹೋಗುತ್ತದೆ. ಹಾವು ಕಚ್ಚಿದವರಿಗೆ ವೈದ್ಯರ ಚಿಕಿತ್ಸೆ ತಪ್ಪಿಸಿ ಮಂತ್ರತಂತ್ರ ಮಾಡುವುದನ್ನು ರಾಜ್ಯದ 2017ರ ಮೌಢ್ಯ ನಿಷೇಧ ಕಾಯ್ದೆ ಅಪರಾಧದ ಪಟ್ಟಿಗೆ ಸೇರಿಸಿದೆ. 2024ರಿಂದ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಸರ್ಕಾರಕ್ಕೆ ಕಡ್ಡಾಯವಾಗಿ ತಿಳಿಸಬೇಕು. ಧೂಮಪಾನದ ದೃಶ್ಯ ಬಂದರೆ ಪರದೆಯ ಮೂಲೆಯಲ್ಲಿ ಎಚ್ಚರಿಕೆ ಹಾಕುತ್ತಾರಲ್ಲ, ಹೆಡೆ ಎತ್ತಿದಾಗಲೂ ಒಂದು ಸಾಲು ಹಾಕಲಿ: ಕಚ್ಚಿದರೆ ಕಾಲು ಆಡಿಸದೆ ಸೀದಾ ಆಸ್ಪತ್ರೆಗೆ ನಡೆಯಿರಿ, ಅಲ್ಲಲ್ಲ, ನಡೆಯಬೇಡಿ, ಗಾಡಿ ಕರೆಸಿ.