ಕಣ್ಣಿನ ರೋಗ, ಒಡಲ ಮೂಲ

ಬೆಂಗಳೂರಿನ ಚಾಮರಾಜಪೇಟೆಯ ಮಿಂಟೊ ಕಣ್ಣಿನ ಆಸ್ಪತ್ರೆ ಶುರುವಾದದ್ದು 1896ರಲ್ಲಿ. ಈಗಿನ ಕಟ್ಟಡಕ್ಕೆ ಬಂದದ್ದು 1913ರಲ್ಲಿ. ಕ್ಯಾನ್ಸರಿಗೆ ಮೀಸಲಾದ ಕಿದ್ವಾಯಿ ಸಂಸ್ಥೆ ಹೊಸೂರು ರಸ್ತೆಯಲ್ಲಿ 1973ರಲ್ಲಿ ಹುಟ್ಟಿತು. ಅಂಗಕ್ಕೊಂದು, ರೋಗಕ್ಕೊಂದು ಆಸ್ಪತ್ರೆ ಕಟ್ಟಿದ್ದರಿಂದ ಪರಿಣತಿ ಬೆಳೆಯಿತು, ಬಡವರಿಗೂ ಅದು ದಕ್ಕಿತು. ಆದರೆ ದೇಹಕ್ಕೆ ಈ ವಿಂಗಡಣೆ ಗೊತ್ತಿಲ್ಲ. ಎದೆಯಲ್ಲೋ ಹೊಟ್ಟೆಯಲ್ಲೋ ಅಡಗಿದ ಗಡ್ಡೆಯೊಂದು ಕಣ್ಣಿಗೆ ಹರಡದೆಯೇ ಕಣ್ಣನ್ನು ಕೆಡಿಸಬಲ್ಲದು. ಆದ್ದರಿಂದ ಕೆಲವು ನೇತ್ರರೋಗಗಳಲ್ಲಿ ಇಡೀ ದೇಹದ ತಪಾಸಣೆ ಕಣ್ಣಿನ ಚಿಕಿತ್ಸೆಯ ಭಾಗವೇ ಆಗಬೇಕು.

ಇದಕ್ಕೆ ಗಟ್ಟಿ ಆಧಾರಗಳಿವೆ. ರಿಕವರಿನ್ ಎಂಬ ಪ್ರೋಟೀನು ಅಕ್ಷಿಪಟಲದ ಬೆಳಕು ಗ್ರಹಿಸುವ ಕೋಶಗಳಲ್ಲಿರುತ್ತದೆ. ಶ್ವಾಸಕೋಶದ ಕೆಲವು ಕ್ಯಾನ್ಸರ್ ಕೋಶಗಳೂ ಅದನ್ನು ತಯಾರಿಸುತ್ತವೆ. ಗಡ್ಡೆಯ ವಿರುದ್ಧ ದೇಹ ಹುಟ್ಟಿಸಿದ ಪ್ರತಿಕಾಯಗಳು ಆಗ ಅಕ್ಷಿಪಟಲದ ಮೇಲೂ ತಿರುಗಿಬೀಳುತ್ತವೆ. ಬೆಳಕಿನ ಮಿಂಚು ಕಾಣುವುದು, ಇರುಳಿನಲ್ಲಿ ನೋಟ ಮಂಕಾಗುವುದು ಇದರ ಲಕ್ಷಣ. ಮೊದಮೊದಲು ಕಣ್ಣಿನ ಒಳಭಾಗ ಪರೀಕ್ಷೆಯಲ್ಲಿ ಸರಿಯಾಗಿಯೇ ಕಾಣಬಹುದು. ಅನೇಕರಲ್ಲಿ ಕ್ಯಾನ್ಸರ್ ಪತ್ತೆಯಾಗುವ ಮೊದಲೇ ದೃಷ್ಟಿ ಕುಂದುತ್ತದೆ. 1990ರಲ್ಲಿ ಗ್ರಾಂಟ್ ಅನ್ಹಾಲ್ಟ್ ಮತ್ತು ಸಂಗಡಿಗರು ವಿವರಿಸಿದ ಪೆಂಫಿಗಸ್ ಎಂಬ ಗುಳ್ಳೆರೋಗದ ಬಗೆಯೊಂದು ದುಗ್ಧಗ್ರಂಥಿಗಳ ರೋಗಗಳಾದ ಲಿಂಫೋಮಾ, ಕ್ಯಾಸಲ್‌ಮನ್ ಕಾಯಿಲೆಗಳ ಜೊತೆಗೆ ಬರುತ್ತದೆ: ಬಾಯಿ, ತುಟಿಯೆಲ್ಲ ಹುಣ್ಣು, ಕಣ್ಣು ಕೆಂಪು, ಕೊನೆಗೆ ರೆಪ್ಪೆಯ ಒಳಪೊರೆ ಗುಡ್ಡೆಗೆ ಅಂಟಿಕೊಳ್ಳುವುದು. ಪೆಂಫಿಗಾಯ್ಡ್ ಎಂಬ ಇನ್ನೊಂದು ಗುಳ್ಳೆರೋಗವೂ ಕಣ್ಣು, ಬಾಯಿಯ ಒಳಪೊರೆಗಳನ್ನು ಕಾಡುತ್ತದೆ; ಲ್ಯಾಮಿನಿನ್ 332 ಎಂಬ ಪ್ರೋಟೀನಿನ ವಿರುದ್ಧ ಪ್ರತಿಕಾಯವಿರುವ ಅದರ ರೋಗಿಗಳ 2001ರ ಅಧ್ಯಯನವೊಂದರಲ್ಲಿ 35 ಮಂದಿಯ ಪೈಕಿ 10 ಮಂದಿಗೆ ಕ್ಯಾನ್ಸರಿತ್ತು.

ಇವೆಲ್ಲ ಅಪರೂಪದ ಕಾಯಿಲೆಗಳು, ಕಣ್ಣು ಕೆಂಪಾದವರಿಗೆಲ್ಲ ಸ್ಕ್ಯಾನ್ ಮಾಡಿಸಿದರೆ ಖರ್ಚೂ ಭಯವೂ ಹೆಚ್ಚುತ್ತವೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಅಕ್ಷಿಪಟಲ ವಿರೋಧಿ ಪ್ರತಿಕಾಯಗಳು ಆರೋಗ್ಯವಂತರ ರಕ್ತದಲ್ಲೂ ಸಿಗುವುದರಿಂದ ಬರೀ ರಕ್ತಪರೀಕ್ಷೆಯನ್ನು ನಂಬುವಂತಿಲ್ಲ. ಆದರೆ ಇಲ್ಲಿ ಕೇಳುತ್ತಿರುವುದು ಎಲ್ಲರ ತಪಾಸಣೆಯನ್ನಲ್ಲ. ಕಣ್ಣಿನ ಜೊತೆಗೆ ಬಾಯಿಹುಣ್ಣು ವಾಸಿಯಾಗದಿದ್ದರೆ, ಕಾರಣವಿಲ್ಲದೆ ದೃಷ್ಟಿ ಬೇಗ ಇಳಿಯುತ್ತಿದ್ದರೆ, ತೂಕವೂ ಕರಗುತ್ತಿದ್ದರೆ ಹುಡುಕಾಟ ಕಣ್ಣಿಗೇ ನಿಲ್ಲಬಾರದು. ಕಳೆದ ದೃಷ್ಟಿ ಮರಳದಿದ್ದರೆ ಏನು ಪ್ರಯೋಜನ ಎಂದೂ ಕೇಳಬಹುದು. ಹೋದ ನೋಟ ಬಹುಪಾಲು ಬಾರದು, ನಿಜ. ಆದರೂ ಉಳಿದ ನೋಟಕ್ಕಾಗಿ ಸ್ಟೀರಾಯ್ಡ್ ಮೊದಲಾದ ಔಷಧಗಳನ್ನು ಬೇಗ ಶುರುಮಾಡಬಹುದು. ಅದಕ್ಕಿಂತ ಮುಖ್ಯವಾಗಿ, ಗಡ್ಡೆ ಚಿಕ್ಕದಿರುವಾಗಲೇ ಸಿಕ್ಕರೆ ಜೀವ ಉಳಿಯುವ ಅವಕಾಶ ಹೆಚ್ಚು. ಹಾಗಾಗಿ ಇಂಥ ರೋಗಿಯ ಕೈಗೆ ಚೀಟಿ ಕೊಟ್ಟು ಕಳಿಸಿದರೆ ಸಾಲದು. ನೇತ್ರತಜ್ಞರು, ಚರ್ಮರೋಗ ತಜ್ಞರು, ಕ್ಯಾನ್ಸರ್ ವೈದ್ಯರು ಒಟ್ಟಿಗೆ ಕೂತು ಆ ಒಬ್ಬರ ಬಗ್ಗೆ ತೀರ್ಮಾನಿಸುವ ಏರ್ಪಾಡು ಬೇಕು. ಮಿಂಟೊ, ವಿಕ್ಟೋರಿಯಾ ಎರಡೂ ಒಂದೇ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಾಗಿರುವ ಈ ಊರಿನಲ್ಲಿ ಅದು ಆಗದ ಮಾತಲ್ಲ.