ಟೆಸ್ಟಿಂಗ್ ಎಂಬುದು ನಡುದಾರಿಯೇ?

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ ನಿಂತಿತು. ಅಂದಿನಿಂದ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ತಮ್ಮ ತಂದೆತಾಯಿಯರ ಗಣಕಯಂತ್ರಗಳಿಗೆ ಲಿನಕ್ಸ್ ಅಳವಡಿಸಿಕೊಡುತ್ತಿದ್ದಾರೆ. ಸಂತೋಷದ ಸಂಗತಿ. ಆದರೆ ಡೆಬಿಯನ್ ಆರಿಸಿಕೊಂಡವರಲ್ಲಿ ಕೆಲವರು 'ಸ್ಟೇಬಲ್' ಶಾಖೆಯನ್ನು ಬಿಟ್ಟು 'ಟೆಸ್ಟಿಂಗ್' ಶಾಖೆಯನ್ನು ಹಾಕುತ್ತಿದ್ದಾರೆಂದು ತಿಳಿದಾಗ ಸುಮ್ಮನಿರಲಾಗಲಿಲ್ಲ. "ಮೇಷ್ಟ್ರೇ, ಸ್ಟೇಬಲ್ ಎಂದರೆ ಹಳಸಲು, ಅನ್‌ಸ್ಟೇಬಲ್ ಎಂದರೆ ಅಪಾಯ, ಟೆಸ್ಟಿಂಗ್ ಎಂದರೆ ಹದವಾದ ನಡುದಾರಿ" ಎಂಬುದು ಅವರ ವಾದ. ಈ ನಡುದಾರಿಯ ಮಾತನ್ನೇ ನಾನು ಒಪ್ಪಲಾರೆ.

ಡೆಬಿಯನ್ 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಯೋಜನೆ. ಅದರ ಆವೃತ್ತಿಗಳಿಗೆ 'ಟಾಯ್ ಸ್ಟೋರಿ' ಚಲನಚಿತ್ರದ ಪಾತ್ರಗಳ ಹೆಸರಿಡುವುದು ವಾಡಿಕೆ. ಹೊಸ ತಂತ್ರಾಂಶ ಮೊದಲು ಬಂದು ಸೇರುವ ಅನ್‌ಸ್ಟೇಬಲ್ ಶಾಖೆಗೆ ಎಂದೆಂದಿಗೂ 'ಸಿಡ್' ಎಂದೇ ಹೆಸರು. ಆ ಚಿತ್ರದಲ್ಲಿ ಆಟಿಕೆಗಳನ್ನು ಮುರಿದುಹಾಕುವ ಪಕ್ಕದ ಮನೆಯ ಹುಡುಗನ ಹೆಸರದು. (ನಮ್ಮ ತರಗತಿಗಳಲ್ಲಿಯೂ ಅಂಥವರಿದ್ದರು, ಯಾರೆಂದು ಅವರಿಗೇ ಗೊತ್ತು.) ಪ್ಯಾಕೇಜೊಂದು ಸಿಡ್‌ನಲ್ಲಿ ಸಾಮಾನ್ಯವಾಗಿ 2, 5 ಅಥವಾ 10 ದಿನ ಉಳಿದು, ಹೊಸ ಗಂಭೀರ ದೋಷ ವರದಿಯಾಗದೆ, ತಾನು ಅವಲಂಬಿಸಿದ ಇತರ ಪ್ಯಾಕೇಜುಗಳೂ ಸಿದ್ಧವಿದ್ದರೆ ಟೆಸ್ಟಿಂಗ್‌ಗೆ ದಾಟುತ್ತದೆ. ಸುಮಾರು ಎರಡು ವರ್ಷಕ್ಕೊಮ್ಮೆ ಟೆಸ್ಟಿಂಗ್‌ಗೆ ಹೊಸದನ್ನು ಸೇರಿಸುವುದನ್ನು ನಿಲ್ಲಿಸಿ, ತಿಂಗಳುಗಟ್ಟಲೆ ದೋಷಗಳನ್ನು ತಿದ್ದಿ, ಸ್ಟೇಬಲ್ ಎಂದು ಬಿಡುಗಡೆ ಮಾಡುತ್ತಾರೆ. 2023ರ ಜೂನ್ 10ರಂದು ಬುಕ್‌ವರ್ಮ್, 2025ರ ಆಗಸ್ಟ್ 9ರಂದು ಟ್ರಿಕ್ಸಿ ಹೀಗೆಯೇ ಬಂದವು.

ಅಂದಮೇಲೆ ಟೆಸ್ಟಿಂಗ್ ಎಂಬುದು ಮುಂದಿನ ಸ್ಟೇಬಲ್ ಸಿದ್ಧವಾಗುವ ಕಾರ್ಯಾಗಾರ. ಭದ್ರತೆಯ ತಿದ್ದುಪಡಿಗಳ ವಿಷಯದಲ್ಲಂತೂ ಅದರ ಸ್ಥಿತಿ ವಿಚಿತ್ರ. ಸ್ಟೇಬಲ್‌ಗೆ ಭದ್ರತಾ ತಂಡ ನೇರವಾಗಿ ತಿದ್ದುಪಡಿ ಕಳಿಸುತ್ತದೆ. ಸಿಡ್‌ಗೆ ಪ್ಯಾಕೇಜಿನ ನಿರ್ವಾಹಕರು ಹೊಸ ಆವೃತ್ತಿಯನ್ನೇ ಹಾಕುತ್ತಾರೆ. ಟೆಸ್ಟಿಂಗ್ ಮಾತ್ರ ಸಾಮಾನ್ಯವಾಗಿ ಸಿಡ್‌ನಿಂದ ದಾಟಿ ಬರುವುದನ್ನು ಕಾಯಬೇಕು. ಮೊದಲ ಪಂಕ್ತಿಗೂ ಬಡಿಸಿ, ಅಡುಗೆಯವರೂ ಉಂಡ ಮೇಲೆ, ನಡುವೆ ಎಲೆ ಹಾಕಿಕೊಂಡು ಕುಳಿತವನ ಪಾಡು! 2038ರ ಕಾಲಗಣನೆಯ ತೊಡಕನ್ನು 32 ಬಿಟ್ ವ್ಯವಸ್ಥೆಗಳಲ್ಲಿ ನಿವಾರಿಸಲು 2024ರಲ್ಲಿ ಅಸಂಖ್ಯ ಪ್ಯಾಕೇಜುಗಳನ್ನು ಮತ್ತೆ ಕಟ್ಟಬೇಕಾಯಿತು. ಆಗ ಅನೇಕ ಪ್ಯಾಕೇಜುಗಳು ವಾರಗಟ್ಟಲೆ ಟೆಸ್ಟಿಂಗ್‌ಗೆ ದಾಟಲೇ ಇಲ್ಲ.

ಅದೇ ವರ್ಷದ ಮಾರ್ಚ್ 29ರಂದು ಬಯಲಾದ ಪ್ರಸಂಗ ಇನ್ನೂ ಬೋಧಪ್ರದ. ಆಂಡ್ರೆಸ್ ಫ್ರೋಯಿಂಡ್ ಎಂಬ ತಂತ್ರಜ್ಞರು ತಮ್ಮ ಡೆಬಿಯನ್ ಸಿಡ್‌ನಲ್ಲಿ ಎಸ್‌ಎಸ್‌ಎಚ್ ಪ್ರವೇಶಕ್ಕೆ ಅರ್ಧ ಸೆಕೆಂಡಿನಷ್ಟು ಹೆಚ್ಚು ಹೊತ್ತು ಹಿಡಿಯುವುದನ್ನು ಗಮನಿಸಿದರು. ಬೆನ್ನುಹತ್ತಿ ನೋಡಿದರೆ ಎಕ್ಸ್‌ಝಡ್ ಎಂಬ ಸಂಕೋಚನ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಉದ್ದೇಶಪೂರ್ವಕವಾಗಿ ಹಿಂಬಾಗಿಲನ್ನು ಅಡಗಿಸಿಟ್ಟಿದ್ದರು. ಅದು ಸಿಡ್‌ನಲ್ಲಿತ್ತು, ಟೆಸ್ಟಿಂಗ್‌ಗೂ ದಾಟಿತ್ತು; ಸ್ಟೇಬಲ್‌ಗೆ ತಲುಪಿರಲಿಲ್ಲ. ದಿನಗಳನ್ನು ಎಣಿಸಿ ದಾಟಿಸುವ ಜರಡಿ ಇಂಥದ್ದನ್ನು ಹಿಡಿಯಲಾರದು. ಆದರೆ ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು: ಸಿಡ್ ಬಳಸುವ ಒಬ್ಬ ಬಲ್ಲವರಿದ್ದುದರಿಂದಲೇ ಅದು ಸಿಕ್ಕಿಬಿದ್ದಿತು. ಹೊಸದನ್ನು ಓಡಿಸಿ ನೋಡುವವರು ನಮ್ಮೆಲ್ಲರ ಉಪಕಾರಿಗಳು. ಸ್ಟೇಬಲ್ ಕೂಡ ವಜ್ರಕವಚವಲ್ಲ. 2014ರ ಹಾರ್ಟ್‌ಬ್ಲೀಡ್ ದೋಷ ಅಂದಿನ ಸ್ಟೇಬಲ್ ಆಗಿದ್ದ ವೀಝಿಯಲ್ಲಿಯೇ ಇತ್ತು. ತಿದ್ದುಪಡಿ ಮಾತ್ರ ಕೂಡಲೇ ಬಂದಿತು.

ಆದ್ದರಿಂದ ನಾನು ಕೇಳುವುದಿಷ್ಟೇ: ಆ ಗಣಕದ ಮುಂದೆ ಕುಳಿತುಕೊಳ್ಳುವವರು ಯಾರು? ದೋಷ ಕಂಡರೆ ವರದಿ ಬರೆಯುವ ಉತ್ಸಾಹವುಳ್ಳವರು ಟೆಸ್ಟಿಂಗನ್ನು ಧಾರಾಳವಾಗಿ ಬಳಸಲಿ. ಆದರೆ ತಂದೆಯವರು ಶಿವಮೊಗ್ಗದಲ್ಲಿ, ನೀವು ಡಲ್ಲಾಸಿನಲ್ಲಿ. ಪಿಂಚಣಿಯ ಕಾಗದವನ್ನು ಮುದ್ರಿಸುವ ದಿನ ಮುದ್ರಣಯಂತ್ರ ಮಾತು ಕೇಳದಿದ್ದರೆ, ನಿಮ್ಮ ನಡುರಾತ್ರಿಯಲ್ಲಿ ಅವರು ಕರೆ ಮಾಡಬೇಕೆ? ಬಹುಪಾಲು ಹಿರಿಯರು ಕರೆ ಮಾಡುವುದೂ ಇಲ್ಲ. ಮಗನಿಗೆ ತೊಂದರೆ ಬೇಡವೆಂದು ಗಣಕವನ್ನೇ ಮುಚ್ಚಿಟ್ಟುಬಿಡುತ್ತಾರೆ. ಅವರಿಗೆ ಬೇಕಾದ ಗುಬ್ಬಿ, ನವಿಲು, ಲೋಹಿತ್ ಮೊದಲಾದ ಕನ್ನಡ ಅಕ್ಷರಶೈಲಿಗಳು ಸ್ಟೇಬಲ್‌ನಲ್ಲಿಯೇ ಇವೆ. ಫೈರ್‌ಫಾಕ್ಸಿಗೆ ಅಲ್ಲಿಯೂ ಭದ್ರತಾ ತಿದ್ದುಪಡಿಗಳು ಬರುತ್ತಲೇ ಇರುತ್ತವೆ. ಹೊಸ ಯಂತ್ರಕ್ಕೆ ಹೊಸ ಕರ್ನೆಲ್ ಬೇಕೆಂದರೆ 'ಬ್ಯಾಕ್‌ಪೋರ್ಟ್ಸ್' ಭಂಡಾರದಿಂದ ಅದೊಂದನ್ನೇ ತರಬಹುದು.

ಈಗಾಗಲೇ ಟೆಸ್ಟಿಂಗ್ ಹಾಕಿರುವವರು ಗಾಬರಿಯಾಗಬೇಕಿಲ್ಲ, ಎಲ್ಲವನ್ನೂ ಅಳಿಸಿ ಮತ್ತೆ ಆರಂಭಿಸಬೇಕಾಗಿಯೂ ಇಲ್ಲ. ತಂತ್ರಾಂಶದ ಮೂಲಗಳನ್ನು ನಮೂದಿಸುವ ಕಡತದಲ್ಲಿ 'ಟೆಸ್ಟಿಂಗ್' ಎಂದು ಬರೆದಿದ್ದರೆ, ಪ್ರತಿ ಬಿಡುಗಡೆಯ ಮರುದಿನವೇ ಮುಂದಿನ ಟೆಸ್ಟಿಂಗ್‌ಗೆ ಜಾರುತ್ತೀರಿ. ತಡೆಹಿಡಿದಿದ್ದ ಹೊಸತೆಲ್ಲ ಒಮ್ಮೆಲೇ ನುಗ್ಗುವ ಕಾಲವದು. ಅದರ ಬದಲು ಆ ಶಾಖೆಯ ಹೆಸರನ್ನೇ ಬರೆಯಿರಿ. ಟ್ರಿಕ್ಸಿಯ ನಂತರದ್ದು ಫೋರ್ಕಿ. ಫೋರ್ಕಿ ಬಿಡುಗಡೆಯಾದ ದಿನ ನಿಮ್ಮ ತಂದೆಯವರ ಗಣಕವೂ ತಾನಾಗಿಯೇ ಸ್ಟೇಬಲ್ ಆಗಿ, ಅಲ್ಲಿಯೇ ನಿಲ್ಲುತ್ತದೆ.