ಬಂದವರು ಊರಿನವರಾಗುವುದು

ಹೊಸೂರು ಎಂಬ ಹೆಸರೇ ಅಚ್ಚಗನ್ನಡದ್ದು. ತಮಿಳು ಫಲಕಗಳಲ್ಲಿ ಹಕಾರ ಲೋಪವಾಗಿ ಅದು ಓಸೂರ್ ಆಗಿದ್ದರೂ ಅರ್ಥಕ್ಕೆ ಊನವೇನೂ ಬಂದಿಲ್ಲ. ಇದು ಹೊಸಬರ ಊರೂ ಹೌದು. ಬೆಂಗಳೂರಿಗೆ ಸುಮಾರು 40 ಕಿಲೋಮೀಟರ್ ದೂರದಲ್ಲಿ, ಹೆದ್ದಾರಿಯ ಮಗ್ಗುಲಲ್ಲಿ, 1970ರ ದಶಕದಲ್ಲಿ ಸಿಪ್ಕಾಟ್ ಕೈಗಾರಿಕಾ ಪ್ರದೇಶ ತಲೆಯೆತ್ತಿತು. 1980ರ ಸುಮಾರಿಗೆ ಅಶೋಕ್ ಲೇಲ್ಯಾಂಡಿನ ಲಾರಿಗಳೂ ಟಿವಿಎಸ್ ಮೊಪೆಡ್ಡುಗಳೂ ಇಲ್ಲಿಂದ ಹೊರಬೀಳತೊಡಗಿದವು; ಅದೇ ದಶಕದ ಉತ್ತರಾರ್ಧದಲ್ಲಿ ಟೈಟಾನ್ ಗಡಿಯಾರಗಳು ಬಂದವು. ಅವುಗಳ ಬೆನ್ನಿಗೇ ಮಧುರೆ, ಸೇಲಂ, ಚಿತ್ತೂರು, ತುಮಕೂರು, ಹಾಸನಗಳಿಂದ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹೊತ್ತ ತರುಣರು ಬಂದರು. ತಿಪಟೂರಿನ ಕಡೆಯಿಂದ ಡಿಪ್ಲೊಮಾ ಮುಗಿಸಿ 1984ರಲ್ಲಿ ಒಂದು ಕಾರ್ಖಾನೆಯ ಟೂಲ್‌ರೂಮು ಸೇರಿದ ನಾನೂ ಅವರಲ್ಲೊಬ್ಬ. ನಮ್ಮ ಈ ಶಾಲೆಗೂ ಆ ಕೈಗಾರಿಕಾ ಪ್ರದೇಶಕ್ಕೂ ಹೆಚ್ಚುಕಡಿಮೆ ಒಂದೇ ವಯಸ್ಸು. ಆದುದರಿಂದಲೇ ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ, ದುಡಿಮೆಗಾಗಿ ಬಂದ ಕನ್ನಡಿಗರಿಗೂ ಈ ಶಾಲೆಗೂ ಇರುವ, ಇರಬೇಕಾದ ಸಂಬಂಧವನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ. ಕೆಲವು ಮಾತು ಹಿತವಾಗಿ ಕೇಳಿಸಲಾರವು, ಓದುಗರು ಮನ್ನಿಸಬೇಕು.

ಇಲ್ಲಿ ಎರಡು ಬಗೆಯ ಕನ್ನಡಿಗರಿದ್ದಾರೆ. ತಳಿ, ಡೆಂಕಣಿಕೋಟೆ, ಮತ್ತಿಗಿರಿಯ ಸುತ್ತಿನ ಹಳ್ಳಿಗಳ ಮನೆತನಗಳು ಎಲ್ಲಿಂದಲೂ ಬಂದವಲ್ಲ. ರಾಜ್ಯಗಳ ಗೆರೆ ಅತ್ತಿತ್ತ ಸರಿದಾಗಲೂ ಅವರು ತಮ್ಮ ರಾಗಿ ಹೊಲದಲ್ಲಿಯೇ ಇದ್ದರು. 1956ರ ಪುನರ್ವಿಂಗಡಣೆಯಲ್ಲಿ ಈ ಸೀಮೆ ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಎರಡನೆಯವರು ನಮ್ಮಂಥವರು, ಸಂಬಳದ ಚೀಟಿಯ ಹಿಂದೆ ಬಂದವರು. ಶಾಲೆಯನ್ನು ಕಟ್ಟಿ ಬೆಳೆಸಿದವರು ಹೆಚ್ಚಾಗಿ ಮೊದಲನೆಯವರು. ಅದರ ಫಲವನ್ನುಂಡ ನಾವು ಅದನ್ನು ಉಳಿಸಲು ಎಷ್ಟು ಮಾಡಿದೆವು ಎಂಬುದೇ ನನ್ನ ಪ್ರಶ್ನೆ.

ಬಂದವರಲ್ಲಿ ಬಹುಮಂದಿ ಊರಿನಲ್ಲಿ ಒಂದು ಕಾಲು, ಅತ್ತಿಬೆಲೆಯ ಬಸ್ಸಿನಲ್ಲಿ ಇನ್ನೊಂದು ಕಾಲು ಇಟ್ಟು ಬದುಕುತ್ತಾರೆ. ‘ಇನ್ನೆರಡು ವರ್ಷ, ಆಮೇಲೆ ನಮ್ಮೂರಿಗೆ’ ಎನ್ನುತ್ತಲೇ ಸೇವೆಯ ಅವಧಿ ಮುಗಿಸಿದವರನ್ನು ನಾನು ಬಲ್ಲೆ. ನಿವೃತ್ತಿಯ ದಿನ ಹೆಗಲಿಗೆ ಶಾಲು ಬಿದ್ದಾಗಲೂ ಪಕ್ಕದ ಮನೆಯವರೊಡನೆ ತಮಿಳಿನಲ್ಲಿ ನಾಲ್ಕು ವಾಕ್ಯ ಆಡಲಾರದವರಿದ್ದಾರೆ. ನಾನು ಮನೆಯನ್ನೇ ಬದಲಿಸಲಿಲ್ಲ; ಆದರೂ ನನ್ನ ವಿಳಾಸದಲ್ಲಿ ಧರ್ಮಪುರಿ ಜಿಲ್ಲೆ ಹೋಗಿ 2004ರಲ್ಲಿ ಕೃಷ್ಣಗಿರಿ ಜಿಲ್ಲೆ ಬಂತು, 2019ರಲ್ಲಿ ಪುರಸಭೆ ಹೋಗಿ ಮಹಾನಗರ ಪಾಲಿಕೆ ಬಂತು. ಊರು ಇಷ್ಟು ಬಾರಿ ವೇಷ ಬದಲಿಸಿರುವಾಗ, ನಾವು ಮಾತ್ರ ನೆಂಟರಂತೆ ಜಗಲಿಯ ಮೇಲೆಯೇ ಕುಳಿತಿರುವುದು ಉಚಿತವಲ್ಲ.

ನೆಲೆಯೂರುವುದಕ್ಕೆ ಮೊದಲ ಮೆಟ್ಟಿಲು ತಮಿಳು ಕಲಿಯುವುದು. ಕನ್ನಡ ಶಾಲೆಯ ಸಂಚಿಕೆಯಲ್ಲಿ ಈ ಮಾತೇಕೆ ಎಂದು ಯಾರಾದರೂ ಹುಬ್ಬೇರಿಸಿದರೆ ಆಶ್ಚರ್ಯವಿಲ್ಲ. ಪಡಿತರ ಚೀಟಿ ತಮಿಳಿನಲ್ಲಿದೆ. ವಿದ್ಯುತ್ ಕಚೇರಿಯ ಅರ್ಜಿ, ಆಸ್ಪತ್ರೆಯ ಸೂಚನೆ ತಮಿಳಿನಲ್ಲಿವೆ. ಹಾಲಿನವನು ತೆಲುಗಿನಲ್ಲಿ ಲೆಕ್ಕ ಹೇಳುತ್ತಾನೆ, ಮನೆಯ ಯಜಮಾನಿ ಮೂರನ್ನೂ ಬೆರೆಸಿ ಗದರುತ್ತಾಳೆ. ಇಲ್ಲಿನ ಹಳೆಯ ಕನ್ನಡಿಗರು ಈ ಮೂರು ನುಡಿಗಳನ್ನೂ ಸಲೀಸಾಗಿ ಆಡಿಯೂ ಮನೆಯೊಳಗಿನ ಕನ್ನಡವನ್ನು ಕಳೆದುಕೊಂಡವರಲ್ಲ. ತಮಿಳು ಬಾರದಿರುವುದನ್ನೇ ಕನ್ನಡಾಭಿಮಾನವೆಂದು ಎಣಿಸುವ ಚಪಲ ಬಂದವರಲ್ಲಿ ಮಾತ್ರ ಕಾಣುತ್ತದೆ. 1991ರಲ್ಲಿ ಮತ್ತು 2016ರಲ್ಲಿ ಕಾವೇರಿಯ ವಿವಾದ ಭುಗಿಲೆದ್ದು ಬಸ್ಸುಗಳು ಗಡಿಯಲ್ಲಿ ನಿಂತುಹೋದ ದಿನಗಳು ನೆನಪಿರಬಹುದು. 2016ರ ಸೆಪ್ಟೆಂಬರಿನಲ್ಲಿ ಗಂಟುಮೂಟೆ ಹೊತ್ತ ಜನ ಅತ್ತಿಬೆಲೆಯಿಂದ ಜುಜುವಾಡಿಯ ಕಡೆಗೆ ನಡೆದೇ ದಾಟಿದರು. ಆ ವಾರ ನಮ್ಮ ಬೀದಿಯ ತಮಿಳು ತಾಯಿಯೊಬ್ಬರು ದಿನಕ್ಕೆರಡು ಬಾರಿ ಬಂದು, ಮಗಳು ಬೆಂಗಳೂರಿನ ಕಾಲೇಜಿನಿಂದ ಕ್ಷೇಮವಾಗಿ ತಲಪಿದಳೇ ಎಂದು ವಿಚಾರಿಸಿದ ಮನೆಗಳೆಲ್ಲ ಅವರೊಡನೆ ಅವರ ನುಡಿಯಲ್ಲಿ ಬಳಕೆ ಇಟ್ಟುಕೊಂಡಿದ್ದ ಮನೆಗಳೇ. ಬಳಕೆಯಿಲ್ಲದ ಮನೆಗಳವರು ಬಾಗಿಲು ಹಾಕಿಕೊಂಡು ಟೆಲಿವಿಷನ್ ನೋಡಿದರು.

ತಮಿಳು ಕಲಿಯಬೇಕು ಎಂಬುದು ಬೇರೆ, ಕನ್ನಡವನ್ನು ಬಿಟ್ಟು ಕಲಿಯಬೇಕು ಎಂಬುದು ಬೇರೆ. 2006ರ ತಮಿಳು ಕಲಿಕಾ ಶಾಸನವು ಒಂದನೆಯ ತರಗತಿಯಿಂದ ಮೊದಲುಗೊಂಡು ವರ್ಷಕ್ಕೊಂದು ತರಗತಿಯಂತೆ ತಮಿಳನ್ನು ಕಡ್ಡಾಯಗೊಳಿಸಿತು. ಅದರ ಮೊದಲ ತಂಡ 2016ರಲ್ಲಿ ಹತ್ತನೆಯ ತರಗತಿಯ ಪರೀಕ್ಷೆಗೆ ಬಂದಾಗ ಭಾಷಾ ಅಲ್ಪಸಂಖ್ಯಾತರು ನ್ಯಾಯಾಲಯದ ಮೆಟ್ಟಿಲೇರಿ ವಿನಾಯಿತಿ ಪಡೆಯಬೇಕಾಯಿತು. ಕಲಿಸಲು ತಕ್ಕ ಶಿಕ್ಷಕರನ್ನು ಕೊಡದೆ ಪರೀಕ್ಷೆಯನ್ನು ಮಾತ್ರ ಕೊಡುವುದು ಯಾವ ನುಡಿಗೂ ಗೌರವ ತರುವ ಕೆಲಸವಲ್ಲ. ಮಗುವಿನ ತಾಯ್ನುಡಿಯ ಸ್ಥಾನದಲ್ಲಿ ಇನ್ನೊಂದನ್ನು ಕೂರಿಸುವುದಂತೂ ಸಲ್ಲದು. ಆ ಹೋರಾಟದಲ್ಲಿ ನಾನು ಶಾಲೆಯ ಪರವಾಗಿಯೇ ಇದ್ದೇನೆ. ಆದರೆ ಶಾಸನವನ್ನು ದೂರುವ ನಮ್ಮ ಸಭೆಗಳಲ್ಲಿ ಮೈಕಿನ ಮುಂದೆ ನಿಂತವರ ಮಕ್ಕಳು ಎಲ್ಲಿ ಓದುತ್ತಿದ್ದಾರೆ ಎಂದು ಕೇಳಿದರೆ ಸಭೆ ತಣ್ಣಗಾಗುತ್ತದೆ.

ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. 1949ರ ಆಗಸ್ಟಿನಲ್ಲಿ ಪ್ರಾಂತಗಳ ಶಿಕ್ಷಣ ಸಚಿವರ ಸಮ್ಮೇಳನವು ಒಂದು ಸೂತ್ರವನ್ನು ಒಪ್ಪಿತು: ತರಗತಿಯಲ್ಲಿ 10 ಮಕ್ಕಳು ಅಥವಾ ಇಡೀ ಶಾಲೆಯಲ್ಲಿ 40 ಮಕ್ಕಳು ಬೇರೆ ತಾಯ್ನುಡಿಯವರಿದ್ದರೆ ಅವರ ನುಡಿಯಲ್ಲಿ ಪ್ರಾಥಮಿಕ ಶಿಕ್ಷಣ ಕೊಡಲು ಶಿಕ್ಷಕರನ್ನು ನೇಮಿಸಬೇಕು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯೂ ತಾಯ್ನುಡಿಯ ಪ್ರಾಥಮಿಕ ಶಿಕ್ಷಣಕ್ಕೆ ಸೌಲಭ್ಯ ಕಲ್ಪಿಸುವಂತೆ ರಾಜ್ಯಗಳಿಗೆ ಹೇಳುತ್ತದೆ. ಹಕ್ಕು ಹಾಳೆಯ ಮೇಲಿದೆ. ಅದಕ್ಕೆ ಜೀವ ಬರುವುದು ಹಾಜರಿ ಪುಸ್ತಕದಲ್ಲಿ. ಹತ್ತನೆಯ ಮಗು ಬಾರದಿದ್ದರೆ ಉಳಿದ ಒಂಬತ್ತು ಮಕ್ಕಳ ವಾದವೂ ಸೊರಗುತ್ತದೆ. ಆ ಒಂಬತ್ತು ಮಂದಿ ಬಹುಪಾಲು ಯಾರ ಮಕ್ಕಳು? ಹೂವಿನ ತೋಟದಲ್ಲಿ ಗುಲಾಬಿ ಕತ್ತರಿಸುವವರ, ಗುತ್ತಿಗೆ ಕೂಲಿಗಳ ಮಕ್ಕಳು. ಬೇರೆ ಶಾಲೆಯ ಶುಲ್ಕ ಅವರಿಗೆ ಎಟುಕುವುದಿಲ್ಲ. ನಮ್ಮ ಮನೆಯ ಮಗು ಹಳದಿ ಬಸ್ಸು ಹತ್ತಿದಾಗ ನಾವು ನಮ್ಮ ಮಗುವಿನ ಭವಿಷ್ಯವನ್ನು ಮಾತ್ರ ನಿರ್ಧರಿಸುತ್ತಿಲ್ಲ, ಅವರದನ್ನೂ ನಿರ್ಧರಿಸುತ್ತಿರುತ್ತೇವೆ.

ಇಂಗ್ಲಿಷಿನ ಆಕರ್ಷಣೆಯನ್ನು ನಾನು ಹಗುರವಾಗಿ ಕಾಣುವವನಲ್ಲ. ವರ್ಗಾವಣೆಯ ಭಯವಿರುವ ತಂದೆಗೆ, ನಾಳೆ ಪುಣೆಗೋ ಚೆನ್ನೈಗೋ ಹೋಗಬೇಕಾದವನಿಗೆ, ಎಲ್ಲ ಕಡೆಯೂ ಸಲ್ಲುವ ಶಾಲೆ ಬೇಕೆನಿಸುವುದು ಸಹಜ. ಅಂಥವರನ್ನು ದೂಷಿಸುವುದು ಅನ್ಯಾಯ. ಆದರೆ ಸ್ವಂತ ನಿವೇಶನ ಕೊಂಡು ತಾರಸಿ ಹಾಕಿಸಿ ಇಲ್ಲೇ ಉಳಿದವರು? ನನ್ನ ಇಬ್ಬರು ಮಕ್ಕಳೂ ಈ ಶಾಲೆಯಲ್ಲಿ ಓದಿದರು, ಒಬ್ಬಳು ಇಂದು ಬೊಮ್ಮಸಂದ್ರದ ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ಇದನ್ನು ಪುರಾವೆಯೆಂದು ಹೇಳುತ್ತಿಲ್ಲ. ಎರಡು ಮಕ್ಕಳಿಂದ ಏನನ್ನೂ ಸಾಧಿಸಿ ತೋರಿಸಲಾಗದು. ಕನ್ನಡದಲ್ಲಿ ಭಿನ್ನರಾಶಿ ಕಲಿತದ್ದರಿಂದ ಅವಳಿಗೆ ಯಾವ ಬಾಗಿಲೂ ಮುಚ್ಚಲಿಲ್ಲ ಎಂದಷ್ಟೇ ಹೇಳುತ್ತೇನೆ.

ಸುವರ್ಣ ಮಹೋತ್ಸವದ ನಿಧಿಯಿಂದ ಶಾಲೆಯ ಮುಂದೆ ಕಲ್ಲಿನ ಸ್ವಾಗತ ಕಮಾನು ನಿರ್ಮಿಸಬೇಕೆಂಬ ಸಲಹೆ ಹಳೆಯ ವಿದ್ಯಾರ್ಥಿಗಳ ಕೂಟದಲ್ಲಿ ಬಂದಿದೆ. ಕೊಡುಗೈ ದಾನಿಗಳ ಹೆಸರು ಅದರ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಆದರೆ ನನ್ನ ಮತ ಬೇರೆ. ಇಂದು ದುಡಿಮೆಗೆ ಬರುವವರು ಊರ ನಡುವೆ ಬಾಡಿಗೆ ಕಟ್ಟಲಾರದೆ ಬಾಗಲೂರು ರಸ್ತೆಯ, ಮತ್ತಿಗಿರಿಯ ಆಚೆಯ ಬಡಾವಣೆಗಳಲ್ಲಿ ನೆಲೆಸುತ್ತಿದ್ದಾರೆ. ಆರು ವರ್ಷದ ಮಗುವನ್ನು ಹೆದ್ದಾರಿ ದಾಟಿಸಿ ಇಲ್ಲಿಗೆ ಕಳುಹಿಸುವ ಧೈರ್ಯ ಯಾವ ತಾಯಿಗಿದೆ? ಕಮಾನಿನ ಹಣದಲ್ಲಿ ಒಂದು ವ್ಯಾನು ಕೊಳ್ಳೋಣ. ಚಾಲಕನ ಸಂಬಳವನ್ನೂ ಡೀಸೆಲನ್ನೂ ಕಾರ್ಖಾನೆಗಳಲ್ಲಿರುವ ಹಳೆಯ ವಿದ್ಯಾರ್ಥಿಗಳು ತಿಂಗಳಿಗಿಷ್ಟೆಂದು ಹಂಚಿಕೊಳ್ಳಲಿ. ಮೇ ತಿಂಗಳ ಭಾನುವಾರಗಳಲ್ಲಿ ಇಬ್ಬಿಬ್ಬರಂತೆ ಹೊರಟು ಹೊಸ ಬಾಡಿಗೆದಾರರ ಮನೆಗಳನ್ನು ಮುಟ್ಟಲಿ. ಹೋದವರು ಮೊದಲು ಶಾಲೆಯ ಮಾತೆತ್ತಬಾರದು. ಗ್ಯಾಸಿನ ಕಚೇರಿ ಎಲ್ಲಿದೆ, ಪಡಿತರ ಚೀಟಿಗೆ ಏನೇನು ಬೇಕು, ಸಂಜೆ ತಮಿಳು ಅಕ್ಷರ ಹೇಳಿಕೊಡುವವರು ಯಾರು ಎಂಬುದನ್ನು ತಿಳಿಸಿ, ಬರುವಾಗ ಪ್ರವೇಶದ ಅರ್ಜಿಯೊಂದನ್ನು ಮೇಜಿನ ಮೇಲಿಟ್ಟು ಬಂದರೆ ಸಾಕು. ಮೊದಲ ಎರಡು ಭಾನುವಾರಗಳಿಗೆ ನನ್ನ ಹೆಸರನ್ನು ಬರೆದುಕೊಳ್ಳಬಹುದು.